ದುಡ್ಡು ಕೊಟ್ಟು ತಗೊಳ್ಳೋದು ಫೆಲೋಶಿಪ್ ಅಲ್ಲ

ಡಿಗ್ರಿ ಮುಗೀತು, ಮುಂದೇನು? | ಕಂತು 6

ಬಯೋಟೆಕ್, ಮೈಕ್ರೋಬಯಾಲಜಿ, ಬಾಟನಿ, ಯಾವುದರಲ್ಲೇ ಎಂಎಸ್ಸಿ ಮುಗಿಸಿರಲಿ, ನಿಮ್ಮ ಫೋನಿಗೂ ಈ ಪೋಸ್ಟರ್ ಬಂದಿರುತ್ತೆ. "ಬಯೋಇನ್ಫರ್ಮ್ಯಾಟಿಕ್ಸ್ ರಿಸರ್ಚ್ ಫೆಲೋಶಿಪ್! ಆನ್‌ಲೈನ್! ಒಂದೇ ತಿಂಗಳು! ಸರ್ಟಿಫಿಕೇಟ್ ಗ್ಯಾರಂಟಿ!" ಕೆಳಗೆ ಸಣ್ಣಕ್ಷರದಲ್ಲಿ ನೋಂದಣಿ ಶುಲ್ಕ.

ನೇರವಾಗಿ ಹೇಳ್ತೀನಿ. ಫೆಲೋಶಿಪ್ ಅಂದ್ರೆ ನೀವು ಸಂಶೋಧನೆ ಮಾಡಲಿ ಅಂತ ಅವರು ನಿಮಗೆ ಕೊಡುವ ಹಣ. ನೀವೇ ಕೊಟ್ಟರೆ ಅದು ಕೋರ್ಸ್. ಕೋರ್ಸ್ ಮಾರೋದು ತಪ್ಪಲ್ಲ. ಅದಕ್ಕೆ ಫೆಲೋಶಿಪ್ ಅಂತ ಹೆಸರಿಟ್ಟು ಮಾರೋದು ಮೋಸ.

👉 ನಿಜವಾದದ್ದು ಹೇಗಿರುತ್ತೆ?

ಸಿಎಸ್‌ಐಆರ್-ನೆಟ್ ಅಥವಾ ಡಿಬಿಟಿಯ ಬೆಟ್ ಪರೀಕ್ಷೆ ಬರೆದು ಜೆಆರ್‌ಎಫ್ ಪಡೆದು ಪಿಎಚ್‌ಡಿಗೆ ಸೇರಿದರೆ, 2023ರ ಪರಿಷ್ಕರಣೆ ಪ್ರಕಾರ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷ ಕಳೆದು ಎಸ್‌ಆರ್‌ಎಫ್ ಆದರೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ಇಲ್ಲಿ ನಿಮ್ಮ ಕೈಯಿಂದ ಹೋಗೋದು ಪರೀಕ್ಷೆಯ ಅರ್ಜಿ ಶುಲ್ಕ ಮಾತ್ರ.

ನೆಟ್ ಆಗಿಲ್ವಾ? ಪ್ರಾಜೆಕ್ಟ್ ಅಸೋಸಿಯೇಟ್ ಹುದ್ದೆಗಳಿವೆ. ಬೆಂಗಳೂರಿನ ಐಐಎಸ್‌ಸಿ, ಎನ್‌ಸಿಬಿಎಸ್ ತರಹದ ಸಂಸ್ಥೆಗಳು ತಮ್ಮ ವೆಬ್‌ಸೈಟಲ್ಲೇ ಪ್ರಕಟಣೆ ಹಾಕ್ತವೆ. ಅಲ್ಲೂ ತಿಂಗಳ ಸಂಬಳ ಅವರೇ ಕೊಡ್ತಾರೆ.

👉 "ಆದ್ರೂ ಏನಾದ್ರೂ ಕಲೀತೀವಲ್ವಾ?"

ಕಲೀತೀರಿ, ಒಪ್ಪಿದೆ. ಆದರೆ ಅಲ್ಲಿ ತೋರಿಸೋ ಬ್ಲಾಸ್ಟ್ ಉಚಿತ. ಜೆನ್‌ಬ್ಯಾಂಕ್ ಉಚಿತ. ಗ್ಯಾಲಕ್ಸಿ ಉಚಿತ, ಅದರ ಪಾಠಗಳೂ ಉಚಿತ. 2024ರ ರಸಾಯನಶಾಸ್ತ್ರ ನೊಬೆಲ್‌ಗೆ ಕಾರಣವಾದ ಆಲ್ಫಾಫೋಲ್ಡ್‌ಗೆ ತರಬೇತಿ ಸಿಕ್ಕಿದ್ದು ಪ್ರೋಟೀನ್ ಡೇಟಾ ಬ್ಯಾಂಕಿನಿಂದ. ಅದು 1971ರಲ್ಲಿ ಶುರುವಾದ ಸಂಗ್ರಹ, ಇವತ್ತು ನೀವೂ ನಯಾಪೈಸೆ ಕೊಡದೆ ತೆರೀಬಹುದು. ಊರವರ ಕೆರೆ ನೀರನ್ನ ಊರವರಿಗೇ ಬಾಟಲಿಯಲ್ಲಿ ಮಾರಿದ ಹಾಗಾಯ್ತು ಇದು.

ಇನ್ನು ಆ ಸರ್ಟಿಫಿಕೇಟು. ಸಂದರ್ಶನದಲ್ಲಿ ಕೂತ ವಿಜ್ಞಾನಿ ಕೇಳೋದು ಇಷ್ಟೇ: ಯಾವ ಡೇಟಾ ತಗೊಂಡ್ರಿ? ಪ್ರಶ್ನೆ ಏನಿತ್ತು? ಕೋಡ್ ಎಲ್ಲಿದೆ? ಗಿಟ್‌ಹಬ್‌ನಲ್ಲಿ ನೀವೇ ಮಾಡಿದ ಒಂದು ಸಣ್ಣ ವಿಶ್ಲೇಷಣೆ ಇದ್ದರೆ ಉತ್ತರ ಇರುತ್ತೆ. ಬಣ್ಣದ ಪಿಡಿಎಫ್ ಉತ್ತರ ಹೇಳಲ್ಲ.

👉 ಕಾಲೇಜಿನವರಿಗೂ ಒಂದು ಮಾತು

ಇಂಟರ್ನ್‌ಶಿಪ್ ಕಡ್ಡಾಯ ಅಂತೀರಿ, ಲ್ಯಾಬ್ ಹುಡುಕಿಕೊಡಲ್ಲ. ಆಮೇಲೆ ಇದೇ ಪೋಸ್ಟರನ್ನ ಕ್ಲಾಸ್ ಗ್ರೂಪಿಗೆ ಫಾರ್ವರ್ಡ್ ಮಾಡ್ತೀರಿ. ಮೇಷ್ಟ್ರು ಕಳಿಸಿದ್ದಾರೆ ಅಂತ ನಂಬಿ, ಮನೇಲಿ ಕೇಳಿ ದುಡ್ಡು ಕಟ್ಟೋದು ಮಕ್ಕಳು. ನೆಟ್ ಅಧಿಸೂಚನೆಯನ್ನ ಒಂದು ಸಲ ಕನ್ನಡದಲ್ಲಿ ವಿವರಿಸಿ ಹೇಳಿ, ಅದೇ ದೊಡ್ಡ ಉಪಕಾರ.

👉 ದುಡ್ಡು ಕಟ್ಟೋ ಮುಂಚೆ ನಾಲ್ಕು ಪ್ರಶ್ನೆ

1. ಹಣ ಯಾರಿಂದ ಯಾರಿಗೆ ಹೋಗುತ್ತೆ?
2. ಮಾರ್ಗದರ್ಶಕರ ಹೆಸರು, ಅವರ ಪ್ರಕಟಿತ ಪ್ರಬಂಧ ಸಿಗುತ್ತಾ?
3. ಆಯ್ಕೆ ಅಂತ ಒಂದಿದೆಯಾ, ದುಡ್ಡು ಕಟ್ಟಿದವರೆಲ್ಲ ಪಾಸಾ?
4. ಸಂಸ್ಥೆಯ ಸ್ವಂತ ವೆಬ್‌ಸೈಟಲ್ಲಿ ಆ ಪ್ರಕಟಣೆ ಇದೆಯಾ?

ಮೊದಲನೇದಕ್ಕೇ "ನಮ್ಮಿಂದ ಅವರಿಗೆ" ಅಂತ ಬಂದರೆ ಉಳಿದ ಮೂರು ಬೇಡ. ಫೋನ್ ಕೆಳಗಿಡಿ, ನೆಟ್ ಸಿಲಬಸ್ ತೆಗೀರಿ.

ಸೇವ್ ಮಾಡ್ಕೊಳ್ಳಿ. ಈ ವರ್ಷ ಎಂಎಸ್ಸಿ ಮುಗಿಸ್ತಿರೋ ತಂಗಿ, ತಮ್ಮ ಇದ್ದರೆ ಇವತ್ತೇ ಕಳಿಸಿ.

#ಡಿಗ್ರಿಮುಗೀತುಮುಂದೇನು #ಬಯೋಇನ್ಫರ್ಮ್ಯಾಟಿಕ್ಸ್ #ಫೆಲೋಶಿಪ್ #ಕನ್ನಡದಲ್ಲಿವಿಜ್ಞಾನ