ಬಿದ್ದ ಗೋಡೆಯೂ ಎದ್ದ ನಗೆಯೂ

ನಾಟಕಕ್ಕೆ ಹೊರಟವನು ಮೊದಲು ಬಿಡಿಸಬೇಕಾದ ಒಗಟು ನಾಟಕದ್ದಲ್ಲ, ಕುರ್ಚಿಯದು. ಮುಂದೆ ಕುಳಿತರೆ ಕತ್ತು ನೋಯುತ್ತದೆ. ಹಿಂದೆ ಕುಳಿತರೆ ಕಣ್ಣು ನೋಯುತ್ತದೆ. ನಡುವೆ ಕುಳಿತರೆ, ಎದುರಿನ ಆಸನಕ್ಕೆ ತಪ್ಪದೆ ಒಬ್ಬ ಎತ್ತರದ ಮಹಾನುಭಾವನು ಚಿತ್ತೈಸುತ್ತಾನೆ. ಈ ಮೂರು ಸಂಕಟಗಳಲ್ಲಿ ಯಾವುದನ್ನು ವರಿಸಬೇಕೆಂಬುದು ಆಯಾ ಸಂಸಾರದ ಒಳಗುಟ್ಟು.

೨೦೨೩ರ ಬೇಸಗೆಯಲ್ಲಿ ನಾವು ನ್ಯೂಜೆರ್ಸಿಯಲ್ಲಿರುವ ಭಾವನವರ ಮನೆಯಲ್ಲಿದ್ದಾಗ ಈ ಒಗಟು ನಮ್ಮ ಮುಂದೆ ನಿಂತಿತು. ನ್ಯೂಯಾರ್ಕು ನಗರದಲ್ಲಿ ‘ದಿ ಪ್ಲೇ ದಟ್ ಗೋಸ್ ರಾಂಗ್’ ಎಂಬ ವಿನೋದ ನಾಟಕಕ್ಕೆ ಟಿಕೀಟು ಕೊಳ್ಳಬೇಕಾಗಿತ್ತು. ಭಾವನವರು ಆಸನಗಳ ನಕ್ಷೆಯನ್ನು ಗಣಕಯಂತ್ರದ ಪರದೆಯ ಮೇಲೆ ಹರಡಿ, ಪಂಚಾಂಗ ನೋಡುವ ಜೋಯಿಸರಂತೆ ಕುಳಿತರು. ನನ್ನಾಕೆಗೆ ಮುಂದಿನ ಸಾಲು ಬೇಕು. ಅತ್ತೆಯವರ ಮಂಡಿನೋವಿಗೆ ನಡುದಾರಿಯ ಪಕ್ಕದ ಕುರ್ಚಿಯೇ ಆಗಬೇಕು. ನಾನು ಮಾತ್ರ ಕೊನೆಯ ಸಾಲು ಸಾಕೆಂದೆ. ‘ನಾಟಕ ನಡುವೆ ಬೇಸರವಾದರೆ ಎದ್ದು ಹೋಗುವ ಹುನ್ನಾರವೋ?’ ಎಂದು ಭಾವನವರು ನಕ್ಕರು. ನಾನು ಉತ್ತರ ಹೇಳಲಿಲ್ಲ. ಕಾರಣ ಬೇರೆ ಇತ್ತು. ಅದನ್ನು ಮುಂದೆ ಹೇಳುತ್ತೇನೆ. ಕಡೆಗೆ, ಹಿರಿಯರ ಮಂಡಿಯೇ ಗೆದ್ದು, ಐದನೆಯ ಸಾಲು ನಿಶ್ಚಯವಾಯಿತು.

ಈ ನಾಟಕವನ್ನು ‘ಆಫ್ ಬ್ರಾಡ್‌ವೇ’ ನಾಟಕವೆನ್ನುತ್ತಾರೆ. ಬ್ರಾಡ್‌ವೇ ಎಂಬ ಬೀದಿಯಿಂದ ಆಚೆಗಿರುವುದರಿಂದ ಈ ಹೆಸರು ಬಂದಿತೆಂದೇ ನಾನು ತಿಳಿದಿದ್ದೆ. ಆದರೆ ಇಂದು ಅಲ್ಲಿ ಗೆರೆ ಎಳೆಯುವುದು ಬೀದಿಯಲ್ಲ, ಕುರ್ಚಿ. ೫೦೦ ಅಥವಾ ಅದಕ್ಕೆ ಮೇಲ್ಪಟ್ಟು ಆಸನಗಳಿದ್ದರೆ ಬ್ರಾಡ್‌ವೇ. ೧೦೦ರಿಂದ ೪೯೯ರವರೆಗೆ ಇದ್ದರೆ ಆಫ್ ಬ್ರಾಡ್‌ವೇ. ಒಂದೇ ಒಂದು ಕುರ್ಚಿ ಹೆಚ್ಚಾದರೆ ಕುಲಗೋತ್ರವೇ ಬದಲಾಗುತ್ತದೆ! ಈ ನಾಟಕವಾದರೋ ಎರಡು ಕುಲಗಳಲ್ಲಿಯೂ ಬಾಳಿದುದು. ೨೦೧೨ರಲ್ಲಿ ಲಂಡನ್ನಿನ ಓಲ್ಡ್ ರೆಡ್ ಲಯನ್ ಎಂಬ ಪಾನಗೃಹದ ಮಾಳಿಗೆಯ ಮೇಲಿನ ಪುಟ್ಟ ರಂಗದಲ್ಲಿ ಅದರ ಜನನ. ಹೆನ್ರಿ ಲೂಯಿಸ್, ಜೊನಾಥನ್ ಸೇಯರ್, ಹೆನ್ರಿ ಶೀಲ್ಡ್ಸ್ ಎಂಬ ಮೂವರು ತರುಣರು ಅದರ ಕರ್ತೃಗಳು. ೨೦೧೫ರಲ್ಲಿ ಶ್ರೇಷ್ಠ ವಿನೋದ ನಾಟಕಕ್ಕೆ ಸಲ್ಲುವ ಆಲಿವಿಯೆ ಪ್ರಶಸ್ತಿ ಅದಕ್ಕೆ ಬಂದಿತು. ೨೦೧೭ರಲ್ಲಿ ಬ್ರಾಡ್‌ವೇಯ ಲೈಸಿಯಂ ರಂಗಮಂದಿರವನ್ನು ಏರಿ, ಒಂಬೈನೂರಕ್ಕೂ ಮಿಕ್ಕ ಆಸನಗಳ ಎದುರು ಆಡಿತು. ೨೦೧೯ರಲ್ಲಿ ಅಲ್ಲಿಂದ ಇಳಿದು, ಐವತ್ತನೆಯ ಬೀದಿಯ ನ್ಯೂ ವರ್ಲ್ಡ್ ಸ್ಟೇಜಸ್ ಎಂಬಲ್ಲಿಗೆ ಬಂದಿತು. ‘ಇಳಿದು’ ಎಂಬ ಮಾತನ್ನು ನಿಜಾರ್ಥದಲ್ಲಿಯೇ ಹೇಳಿದ್ದೇನೆ: ಹಿಂದೆ ಚಿತ್ರಮಂದಿರವಾಗಿದ್ದ ಆ ಸ್ಥಳದ ಐದು ರಂಗಗಳೂ ನೆಲದ ಕೆಳಗಿವೆ.

ದೊಡ್ಡ ಮನೆಯಿಂದ ಚಿಕ್ಕ ಮನೆಗೆ ಬಂದರೆ ಅವನತಿಯೆಂದು ಲೋಕ ಭಾವಿಸುತ್ತದೆ. ನಗೆಯ ವಿಷಯದಲ್ಲಿ ಹಾಗಲ್ಲ. ನಮ್ಮ ಭರತಮುನಿ ನಾಟ್ಯಶಾಸ್ತ್ರದಲ್ಲಿ ಈ ಮಾತನ್ನು ಸ್ಪಷ್ಟವಾಗಿ ಹೇಳಿದ್ದಾನೆ. ರಂಗಮಂದಿರ ಅತಿಯಾಗಿ ದೊಡ್ಡದಾದರೆ ಮಾತು ಒಡೆದು ಹೋಗುತ್ತದೆ, ಮುಖದ ಭಾವ ಕಾಣುವುದಿಲ್ಲ. ಆದ್ದರಿಂದ ೬೪ ಹಸ್ತ ಉದ್ದ, ೩೨ ಹಸ್ತ ಅಗಲದ ಮಧ್ಯಮ ಮಂದಿರವೇ ಮನುಷ್ಯರಿಗೆ ತಕ್ಕುದು ಎಂದು ಅವನ ಮತ. ಆಸನಗಳು ಮೆಟ್ಟಿಲಿನಂತೆ ಒಂದಕ್ಕಿಂತ ಒಂದು ಎತ್ತರವಾಗಿರಬೇಕೆಂದೂ ವಿಧಿಸಿದ್ದಾನೆ. ಎದುರು ಕೂರುವ ಎತ್ತರದ ಮಹಾನುಭಾವನ ಕಾಟ ಆ ಕಾಲದಲ್ಲಿಯೂ ಇದ್ದಿರಬೇಕು!

ಇನ್ನು ನಾಟಕದ ವಿಷಯ. ಕಾಲೇಜಿನ ಹವ್ಯಾಸಿ ನಾಟಕ ಸಂಘವೊಂದು ಹಳೆಯ ಬಂಗಲೆಯಲ್ಲಿ ನಡೆದ ಕೊಲೆಯ ಕಥೆಯನ್ನು ಆಡಲು ಹೊರಡುತ್ತದೆ, ಆಡಲಾಗುವುದಿಲ್ಲ. ಇಷ್ಟೇ ಕಥೆ. ನಾವು ಕುರ್ಚಿ ಹುಡುಕುತ್ತಿದ್ದಾಗಲೇ ನಾಟಕ ಆರಂಭವಾಗಿತ್ತೆಂದು ನಮಗೆ ತಿಳಿಯಲಿಲ್ಲ. ರಂಗದ ಮೇಲೆ ಒಬ್ಬಳು ಅಗ್ಗಿಷ್ಟಿಕೆಯ ಮೇಲಿನ ಹಲಗೆಯನ್ನು ನಿಲ್ಲಿಸಲು ಹೆಣಗುತ್ತಿದ್ದಳು. ಇನ್ನೊಬ್ಬ ಪ್ರೇಕ್ಷಕರ ಸಾಲುಗಳ ನಡುವೆ ಓಡಾಡುತ್ತ, ಕಳೆದುಹೋದ ನಾಯಿಯನ್ನು ಕಂಡಿರಾ ಎಂದು ಕೇಳುತ್ತಿದ್ದ. ಅತ್ತೆಯವರು ಕಾಲನ್ನು ಮೇಲಕ್ಕೆಳೆದುಕೊಂಡು, ‘ಪಾಪ, ಯಾರ ನಾಯಿಯಪ್ಪಾ?’ ಎಂದು ಕುರ್ಚಿಯ ಕೆಳಗೆ ಬಗ್ಗಿ ನೋಡಿಯೂ ಬಿಟ್ಟರು!

ಮುಂದಿನದೆಲ್ಲ ಅನರ್ಥಪರಂಪರೆ. ಹೆಣವಾಗಿ ಮಲಗಿದವನ ಕೈಯನ್ನು ಒಬ್ಬ ತುಳಿಯುತ್ತಾನೆ, ಹೆಣ ಮುಲುಗುತ್ತದೆ. ಕಠಿನ ಶಬ್ದಗಳನ್ನು ಅಂಗೈಯಲ್ಲಿ ಬರೆದುಕೊಂಡ ಸೇವಕ ಅದನ್ನೂ ತಪ್ಪಾಗಿ ಓದುತ್ತಾನೆ. ಬಾಗಿಲು ಬಡಿದು ನಾಯಕಿ ಮೂರ್ಛೆ ಹೋಗುತ್ತಾಳೆ. ಮೇಲಂತಸ್ತು ಮೆಲ್ಲಮೆಲ್ಲನೆ ವಾಲುತ್ತದೆ. ಪತ್ತೇದಾರನಿಗೆ ಬೇಕಾದ ಪುಸ್ತಕ ಸಿಗದಿದ್ದಾಗ ಪ್ರೇಕ್ಷಕರೇ ಅದು ಇರುವೆಡೆಯನ್ನು ಕೂಗಿ ಹೇಳುತ್ತಾರೆ. ಅವನು ಅವರ ಮೇಲೆಯೇ ಸಿಡುಕುತ್ತಾನೆ. ಸಿಡುಕಿದಷ್ಟೂ ನಗು ಹೆಚ್ಚುತ್ತದೆ. ಕುಸಿದು ಬೀಳುವುದಕ್ಕೆಂದೇ ಕಟ್ಟಿದ ಈ ರಂಗಸಜ್ಜಿಕೆಗೆ ೨೦೧೭ರಲ್ಲಿ ಟೋನಿ ಪ್ರಶಸ್ತಿ ಸಂದಿತೆಂದರೆ, ಬೀಳುವುದಕ್ಕೂ ಎಂಥ ಗಟ್ಟಿತನ ಬೇಕೆಂದು ಊಹಿಸಬಹುದು. ಬಾಗಿಲು ಒಂದು ಕ್ಷಣ ಮುಂಚೆ ತೆರೆದರೆ ನಟಿಗೆ ನಿಜವಾಗಿಯೇ ಪೆಟ್ಟು.

ಭರತನು ನಗೆಯನ್ನು ಆರು ಬಗೆಯಾಗಿ ವಿಂಗಡಿಸಿದ್ದಾನೆ. ಹಲ್ಲು ಕಾಣದ ‘ಸ್ಮಿತ’ದಿಂದ ಹಿಡಿದು, ಕಣ್ಣೀರಿಟ್ಟು ಪಕ್ಕೆ ಹಿಡಿದುಕೊಳ್ಳುವ ‘ಅತಿಹಸಿತ’ದವರೆಗೆ; ಮೊದಲೆರಡು ಉತ್ತಮರಿಗೆ, ಕಡೆಯ ಎರಡು ಅಧಮರಿಗೆ. ಈ ಲೆಕ್ಕದಲ್ಲಿ ಆ ಸಂಜೆ ಅಲ್ಲಿದ್ದ ಉತ್ತಮರೆಲ್ಲರೂ ಅರ್ಧ ಗಂಟೆಯಲ್ಲಿ ಅಧಮರಾದರು. ಮುಂದಿನ ಸಾಲಿನವರು ನಟರ ಬೆವರನ್ನು ಕಂಡು ನಕ್ಕರೆ, ಹಿಂದಿನವರು ಮಾಳಿಗೆ ವಾಲುವುದನ್ನು ಕಂಡು ನಕ್ಕರು. ಎಲ್ಲರ ನಗೆಯೂ ತಗ್ಗಾದ ಆ ಸೂರಿನ ಕೆಳಗೆ ಒಂದರೊಡನೊಂದು ಬೆರೆತುಹೋಯಿತು. ಒಬ್ಬನೇ ಇದ್ದಾಗ ನಗುವುದಕ್ಕಿಂತ ನಾಲ್ವರ ನಡುವೆ ಮನುಷ್ಯನು ೩೦ ಪಟ್ಟು ಹೆಚ್ಚು ನಗುತ್ತಾನೆಂದು ರಾಬರ್ಟ್ ಪ್ರೊವೈನ್ ಎಂಬ ಅಮೆರಿಕದ ವಿದ್ವಾಂಸರು ಕಂಡುಕೊಂಡರು. ಇಂಗ್ಲಿಷು ಅಷ್ಟಾಗಿ ಬಾರದ ಅತ್ತೆಯವರು ಎಲ್ಲರಿಗಿಂತ ಮೊದಲು ನಕ್ಕರು. ಬೀಳುವ ಗೋಡೆಗೆ ಭಾಷೆಯ ಹಂಗಿಲ್ಲ.

ಆದರೆ ಐದನೆಯ ಸಾಲಿನಲ್ಲಿ ನಗದೆ ಕುಳಿತ ಒಬ್ಬ ಪ್ರೇಕ್ಷಕನಿದ್ದ. ಅವನು ನಾನು.

ಎಂಟು ವರ್ಷಗಳ ಹಿಂದೆ, ನಾನು ಅಧ್ಯಾಪಕನಾದ ಹೊಸತರಲ್ಲಿ, ಕಾಲೇಜಿನ ವಾರ್ಷಿಕೋತ್ಸವಕ್ಕೆ ಒಂದು ಪೌರಾಣಿಕ ನಾಟಕವನ್ನು ನಿರ್ದೇಶಿಸಿದ್ದೆ. ರಾಜನ ಪಾತ್ರವನ್ನು ಹಳ್ಳಿಯಿಂದ ಬಂದ ಸಂಕೋಚದ ಹುಡುಗನೊಬ್ಬನಿಗೆ ಕೊಟ್ಟಿದ್ದೆ, ಒಳ್ಳೆಯ ಕಂಠ. ಎರಡನೆಯ ದೃಶ್ಯದಲ್ಲಿ ಅವನ ಕಿರೀಟ ಉರುಳಿತು. ಎತ್ತಿಕೊಳ್ಳಲು ಬಗ್ಗಿದಾಗ ಮೀಸೆ ಕಳಚಿತು. ಸಭೆ ಹೋ ಎಂದಿತು. ಹುಡುಗ ಮಾತು ಮರೆತು, ನೆರವಿಗಾಗಿ ಪಕ್ಕದ ಪರದೆಯತ್ತ ತಿರುಗಿದ. ಅಲ್ಲಿ ಹಸ್ತಪ್ರತಿ ಹಿಡಿದು ನಾನು ನಿಂತಿದ್ದೆ. ಮುಂದಿನ ಮಾತನ್ನು ಎತ್ತಿಕೊಡಬೇಕಾಗಿದ್ದ ನಾನು ನಗುತ್ತಿದ್ದೆ. ಅವನು ಅದನ್ನು ಕಂಡ. ಆ ವರ್ಷವೆಲ್ಲ ಅವನು ನನ್ನ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತ. ಮತ್ತೆ ರಂಗ ಹತ್ತಲಿಲ್ಲ. ಅಂದಿನಿಂದ ನಾನೂ ಎಲ್ಲಿ ಹೋದರೂ ಕೊನೆಯ ಸಾಲು ಹುಡುಕುತ್ತೇನೆ.

ಪ್ರಯೋಗಕ್ಕೆ ಒದಗುವ ವಿಘ್ನಗಳನ್ನೂ ಭರತನು ಪಟ್ಟಿ ಮಾಡಿದ್ದಾನೆ. ಗಾಳಿ, ಬೆಂಕಿ, ಹಾವು, ಇರುವೆ. ಮಾತು ಮರೆಯುವುದು, ಕಿರೀಟ ಬೀಳುವುದು. ಹೊಟ್ಟೆಕಿಚ್ಚಿನವರು ಸಗಣಿ ಎಸೆಯುವುದು ಕೂಡ ಅದರಲ್ಲಿದೆ. ಗುರುವೇ ಮರೆಯಲ್ಲಿ ನಿಂತು ನಗುವುದನ್ನು ಯಾವ ವರ್ಗಕ್ಕೆ ಸೇರಿಸಬೇಕೋ ನಾನರಿಯೆ.

ನ್ಯೂಯಾರ್ಕಿನ ರಂಗದಲ್ಲಿ ನಾಯಕಿ ಮೂರ್ಛೆ ಹೋದಾಗ ಏನಾಯಿತು ಗೊತ್ತೆ? ತೆರೆಮರೆಯ ಕೆಲಸದ ಹುಡುಗಿ, ಹಸ್ತಪ್ರತಿ ಕೈಯಲ್ಲಿ ಹಿಡಿದು, ನಡುಗುತ್ತ ರಂಗಕ್ಕೆ ಬಂದು ಆ ಮಾತುಗಳನ್ನು ಓದತೊಡಗಿದಳು. ತಪ್ಪಾಗಿ, ತಡವರಿಸಿ ಓದಿದಳು; ಆದರೆ ಬಂದಳು. ಸಭೆ ಬಿದ್ದು ಬಿದ್ದು ನಕ್ಕಿತು; ನಗುತ್ತಲೇ ಅವಳಿಗೆ ಚಪ್ಪಾಳೆ ತಟ್ಟಿತು. ಗೋಡೆ ಬಿದ್ದರೂ ಆ ಬಡ ಸಂಘದವರು ಒಬ್ಬರೂ ಓಡಿಹೋಗಲಿಲ್ಲ. ನಾವು ನಗುತ್ತಿದ್ದುದು ಅವರ ಸೋಲಿಗಲ್ಲ, ಆ ಹಟಕ್ಕೆ. ಆಗ ನನಗೂ ನಗು ಬಂದಿತು. ಅದು ಆರು ಬಗೆಗಳಲ್ಲಿ ಯಾವುದೋ. ಕಣ್ಣೀರು ಮಾತ್ರ ಇತ್ತು.

ಊರಿಗೆ ಮರಳಿದ ಮೇಲೆ ಆ ಹುಡುಗನ ವಿಳಾಸವನ್ನು ಹುಡುಕಿ ಒಂದು ಕಾಗದ ಬರೆದೆ. ಅವನೀಗ ಒಂದು ಪ್ರೌಢಶಾಲೆಯಲ್ಲಿ ಉಪಾಧ್ಯಾಯ. ಕ್ಷಮೆ ಎಂಬ ಪದವನ್ನು ನಾಲ್ಕು ಸಾರಿ ಬರೆದು ಮೂರು ಸಾರಿ ಹೊಡೆದುಹಾಕಿದೆ. ಹದಿನೈದು ದಿನಗಳಾದ ಮೇಲೆ ಉತ್ತರ ಬಂದಿತು. ಹಳೆಯ ಮಾತನ್ನು ಅವನು ಎತ್ತಿರಲಿಲ್ಲ. ತನ್ನ ಮಕ್ಕಳಿಂದ ಒಂದು ನಾಟಕ ಆಡಿಸುತ್ತಿರುವುದಾಗಿಯೂ, ಕಿರೀಟಗಳಿಗೆ ಈ ಸಲ ಗಟ್ಟಿ ದಾರ ಕಟ್ಟಿರುವುದಾಗಿಯೂ ತಿಳಿಸಿ, ನನಗಾಗಿ ಯಾವ ಸಾಲಿನಲ್ಲಿ ಕುರ್ಚಿ ಹಾಕಿಸಬೇಕೆಂದು ಕೇಳಿದ್ದ.

ಮೊದಲನೆಯ ಸಾಲು ಎಂದು ಬರೆದೆ. ಕತ್ತು ನೋಯುವುದಾದರೆ ನೋಯಲಿ.