ಬಂದೂಕು ಇಳಿಸಿದ ಕೈಗೆ ಕಾರ್ಖಾನೆಯ ಯಂತ್ರ

ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗೆ ಮಾಲು ಸಾಗಿಸಿದ ರೈತರು ಗೇಟಿನ ಕಾವಲುಗಾರನನ್ನು ನೋಡಿಯೇ ಇರುತ್ತೀರಿ. ಬೂಟಿಗೆ ಪಾಲಿಶ್ ಹಾಕಿ ನೆಟ್ಟಗೆ ನಿಂತ ಆತ ಎಷ್ಟೋ ಕಡೆ ಮಾಜಿ ಸೈನಿಕ. ನಾನು ಬಲ್ಲ ಅಂಥ ಒಬ್ಬ ಹವಾಲ್ದಾರರು ಸೇನೆಯ ಇ.ಎಂ.ಇ. ವಿಭಾಗದಲ್ಲಿ 17 ವರ್ಷ ವಾಹನಗಳ ವಿದ್ಯುತ್ ದುರಸ್ತಿ ಮಾಡಿದವರು. ಕಾರ್ಖಾನೆಯ ಒಳಗೆ ಕಂಟ್ರೋಲ್ ಪ್ಯಾನೆಲ್ ಕೆಟ್ಟರೆ ದೂರದ ಊರಿನಿಂದ ತಂತ್ರಜ್ಞ ಬರುವ ತನಕ ಗಾಣ ನಿಲ್ಲುತ್ತದೆ, ಹೊರಗೆ ಗಾಡಿಯಲ್ಲಿ ಕಬ್ಬು ಒಣಗುತ್ತದೆ. ಹವಾಲ್ದಾರರು ಮಾತ್ರ ಗೇಟಿನಲ್ಲೇ ನಿಂತಿರುತ್ತಾರೆ.

ಇದು ರೈತರ ಪುಟಕ್ಕೆ ಸಲ್ಲುವ ವಿಷಯವೇ ಎಂದು ಕೇಳಬಹುದು. ಸೈನ್ಯಕ್ಕೆ ಹೋಗುವವರು ಬಹುತೇಕ ನಮ್ಮ ಮಕ್ಕಳೇ. ಕೊಡಗಿನಲ್ಲಾಗಲಿ, ಬೆಳಗಾವಿ ಸೀಮೆಯಲ್ಲಾಗಲಿ ಸೈನ್ಯದ ಮನಿಯಾರ್ಡರಿನಿಂದ ಬಾವಿ ತೋಡಿಸಿದ ಮನೆಗಳು ಎಷ್ಟಿಲ್ಲ! ದೇಶದಲ್ಲಿ ವರ್ಷಕ್ಕೆ ಸುಮಾರು 60 ಸಾವಿರ ಸೈನಿಕರು ನಿವೃತ್ತರಾಗುತ್ತಾರೆ. ಸಿಪಾಯಿಗಳಲ್ಲಿ ಬಹಳ ಮಂದಿಗೆ ಆಗ ನಲವತ್ತೂ ತುಂಬಿರುವುದಿಲ್ಲ. ಆದರೂ ಅವರಿಗೆ ಪಿಂಚಣಿ ಇದೆ.

2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆ ಈ ಲೆಕ್ಕವನ್ನೇ ಬದಲಿಸಿತು. ಸೇವೆ ನಾಲ್ಕು ವರ್ಷ. ಆಮೇಲೆ ಶೇಕಡಾ 25ರವರೆಗೆ ಮಾತ್ರ ಕಾಯಂ, ಉಳಿದವರು ಊರಿಗೆ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ ಸಂಬಳ, ನಾಲ್ಕನೆಯ ವರ್ಷ 40,000. ಇದರಲ್ಲಿ ಶೇಕಡಾ 30ನ್ನು ಸೇವಾನಿಧಿಗೆ ಹಿಡಿಯುತ್ತಾರೆ, ಸರ್ಕಾರ ಅಷ್ಟೇ ಹಾಕುತ್ತದೆ. ಬಡ್ಡಿ ಸೇರಿ ಹೊರಡುವಾಗ ಕೈಗೆ ಬರುವುದು ಸುಮಾರು 11.71 ಲಕ್ಷ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. 2022ರ ಕೊನೆಯಿಂದ 2023ರ ಆರಂಭದೊಳಗೆ ಸೇರಿದ ಮೊದಲ ತಂಡಗಳ ಅವಧಿ ತುಂಬುವುದು 2026ರ ಕೊನೆಯಿಂದ 2027ರ ಆರಂಭದೊಳಗೆ. ಆ ಹುಡುಗರಿಗೆ ಆಗ ಇಪ್ಪತ್ತೈದರ ಆಜುಬಾಜು ವಯಸ್ಸು. ಟ್ರ್ಯಾಕ್ಟರು, ಟ್ರೇಲರು ಕೊಂಡರೆ ಗಂಟಿನ ಬಹುಪಾಲು ಮುಗಿಯಿತು. ಅಣ್ಣತಮ್ಮಂದಿರ ನಡುವೆ ಈಗಾಗಲೇ ಹರಿದು ಹಂಚಿದ ಎರಡೆಕರೆಗೆ ಇನ್ನೊಂದು ಟ್ರ್ಯಾಕ್ಟರು ಏಕೆ?

ಕಾರ್ಖಾನೆಯ ಸ್ವಯಂಚಾಲಿತ ಯಂತ್ರವೆಂದರೆ ಹೆದರಬೇಕಾದ ವಿದ್ಯೆ ಏನಲ್ಲ. ನಿಮ್ಮ ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರನ್ನು ನೋಡಿ. ಮೂರು ಫೇಸ್ ಬಂದುದನ್ನು ಅದು ತಾನೇ ತಿಳಿದು ಮೋಟಾರು ಹೊರಡಿಸುತ್ತದೆ. ಬಾವಿಯಲ್ಲಿ ನೀರು ತೀರಿದರೆ ನಿಲ್ಲಿಸುವ ಸಾಧನವನ್ನೂ ಅದರ ಜೊತೆ ಹಾಕಿಸಿಕೊಳ್ಳಬಹುದು. ಕಾರ್ಖಾನೆಯಲ್ಲಿ ಇದೇ ಕೆಲಸ ದೊಡ್ಡದಾಗಿ ನಡೆಯುತ್ತದೆ. ಶಾಖ, ಒತ್ತಡ, ಮಟ್ಟವನ್ನು ಸೆನ್ಸರ್ ಅಳೆಯುತ್ತದೆ; ಪಿ.ಎಲ್.ಸಿ. ಎಂಬ ಪುಟ್ಟ ಗಣಕ ಅದನ್ನು ನೋಡಿ ಆಜ್ಞೆ ಕೊಡುತ್ತದೆ. ಮೋಟಾರು, ವಾಲ್ವು ಆ ಆಜ್ಞೆಯಂತೆ ನಡೆಯುತ್ತವೆ. ಹಾಲು ಒಕ್ಕೂಟದ ಡೇರಿಯಲ್ಲಿ, ಅಕ್ಕಿ ಗಿರಣಿಯ ಬಣ್ಣ ನೋಡಿ ಕಾಳು ಬೇರ್ಪಡಿಸುವ ಯಂತ್ರದಲ್ಲಿ, ಶೀತಲಗೃಹದಲ್ಲಿ ಇರುವುದು ಇದೇ ತತ್ತ್ವ. ಎಂದಮೇಲೆ ಈ ಕೆಲಸಕ್ಕೆ ಪೀಣ್ಯಕ್ಕೋ ಬಿಡದಿಗೋ ಹೋಗಲೇಬೇಕೆಂದಿಲ್ಲ.

ಅಮೆರಿಕದಲ್ಲಿ 2017ರಲ್ಲಿ ರಾಕ್‌ವೆಲ್ ಆಟೊಮೇಷನ್ ಮತ್ತು ಮ್ಯಾನ್‌ಪವರ್ ಗ್ರೂಪ್ ಎಂಬ ಎರಡು ಕಂಪನಿಗಳು ಕೂಡಿ ಮಾಜಿ ಸೈನಿಕರಿಗೆಂದೇ ಒಂದು ಶಿಕ್ಷಣ ತೆರೆದವು. ಅವಧಿ 12 ವಾರ. ಪಾಠದ ಜೊತೆಗೆ ನಿಜವಾದ ಯಂತ್ರಗಳ ಮೇಲೆ ಅಭ್ಯಾಸ. ಸೈನ್ಯದಲ್ಲಿ ಯಂತ್ರ, ವಿದ್ಯುತ್ ಕೆಲಸ ಮಾಡಿದವರನ್ನು ಆರಿಸಿ, ಕೆಲಸ ಕೊಡುವ ಕಾರ್ಖಾನೆಗಳನ್ನು ಮೊದಲೇ ಜೊತೆಗಿಟ್ಟುಕೊಳ್ಳುವ ಕ್ರಮ ಅದು. ಯಂತ್ರ ತಯಾರಿಸುವವನೇ ಗುರುವಾದದ್ದು ಅಲ್ಲಿನ ಜಾಣತನ. ಹಾಗೆಂದು ಕಾಲಾಳು ಪಡೆಯವನನ್ನು 12 ವಾರದಲ್ಲಿ ತಂತ್ರಜ್ಞನನ್ನಾಗಿ ಮಾಡಬಹುದೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅವನಿಗೆ ಹೆಚ್ಚು ಕಾಲ ಬೇಕು.

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ರಕ್ಷಣಾ ಇಲಾಖೆಯ ಪುನರ್ವಸತಿ ಮಹಾನಿರ್ದೇಶನಾಲಯವು ಪಿಂಚಣಿ ಸೇವೆಯ ಜವಾನರಿಗೆ ನಿವೃತ್ತಿಗೆ ಮುಂಚೆಯೇ ಶುಲ್ಕವಿಲ್ಲದೆ ತರಬೇತಿ ಕೊಡಿಸುತ್ತದೆ. ಇತ್ತ ನಮ್ಮ ರಾಜ್ಯದಲ್ಲಿ 150 ಸರ್ಕಾರಿ ಐ.ಟಿ.ಐ.ಗಳನ್ನು 4,700 ಕೋಟಿಗೂ ಹೆಚ್ಚು ವೆಚ್ಚದಲ್ಲಿ ಹೊಸ ಯಂತ್ರಗಳಿಂದ ಸಜ್ಜುಗೊಳಿಸಿ 2022ರ ಜೂನ್ 20ರಂದು ಉದ್ಘಾಟಿಸಲಾಯಿತು. ಯಂತ್ರಗಳು ಊರ ಹತ್ತಿರಕ್ಕೆ ಬಂದಿವೆ. ಇವುಗಳಲ್ಲಿ ಮಾಜಿ ಸೈನಿಕರಿಗೆ, ನಾಲ್ಕು ವರ್ಷ ಮುಗಿಸಿ ಬರುವ ಹುಡುಗರಿಗೆ ಆರು ತಿಂಗಳ ಪ್ರತ್ಯೇಕ ತರಗತಿ ನಡೆಸಿದರೆ, ಪಕ್ಕದ ಸಕ್ಕರೆ ಕಾರ್ಖಾನೆ ಮತ್ತು ಡೇರಿಗಳನ್ನು ಅದಕ್ಕೆ ಜೋಡಿಸಿದರೆ, ಹೊಸ ಕಟ್ಟಡದ ಖರ್ಚೂ ಬೇಕಿಲ್ಲ. ಸಹಕಾರಿ ಕಾರ್ಖಾನೆಗಳಲ್ಲಿ ಷೇರುದಾರರು ನೀವೇ. ಸರ್ವಸದಸ್ಯರ ಸಭೆಯಲ್ಲಿ ಕಬ್ಬಿನ ದರದ ಜೊತೆಗೆ ಇದನ್ನೂ ಎತ್ತಬಹುದಲ್ಲ!

ಇನ್ನು ಎಚ್ಚರಿಕೆಯ ಮಾತು. ಸೇವಾನಿಧಿಯ ವಾಸನೆ ಹಿಡಿದು ಮನೆಗೆ ಬರುವ ಖಾಸಗಿ ಶಿಕ್ಷಣದವರಿಗೆ ಮುಂಗಡ ಕೊಡಬೇಡಿ. ಹುಡುಗನ ಕೈಗೆ ಪಿ.ಎಲ್.ಸಿ. ದಿನಕ್ಕೆ ಎಷ್ಟು ಗಂಟೆ ಸಿಗುತ್ತದೆ, ಹಿಂದಿನ ವರ್ಷ ಕಲಿತವರು ಈಗ ಯಾವ ಕಾರ್ಖಾನೆಯಲ್ಲಿದ್ದಾರೆ ಎಂದು ಕೇಳಿ, ಹೋಗಿ ಕಣ್ಣಾರೆ ನೋಡಿ. ಹುಡುಗ ಇನ್ನೂ ಸೇವೆಯಲ್ಲಿದ್ದರೆ, ತಾನು ಯಾವ ಯಂತ್ರದ ಮೇಲೆ ಎಷ್ಟು ಕಾಲ ಕೆಲಸ ಮಾಡಿದೆನೆಂಬುದನ್ನು ಕೌಶಲ ಪ್ರಮಾಣಪತ್ರದಲ್ಲಿ ಸರಿಯಾಗಿ ಬರೆಸಿಕೊಳ್ಳಲು ಈಗಲೇ ಪತ್ರ ಹಾಕಿ. ನಿವೃತ್ತರಾಗಿ ಊರಲ್ಲಿರುವವರು ಸೇವಾ ದಾಖಲೆಗಳೊಂದಿಗೆ ಸಮೀಪದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ವಿಚಾರಿಸಬಹುದು.