ಇಂಡಿಕೇಟರ್ ಕಡ್ಡಿ ಸವದ್ರ ‘ನಡೀತದ’ ಅನಬ್ಯಾಡ್ರಿ

ಅಕ್ಕಾರ, ವೈನಿಯವರ, ಈ ಸಲ ಅಡಗಿಮನಿ ಬಿಟ್ಟು ಸ್ವಲ್ಪ ಕಾರಿನ ಮಾತು ಹೇಳ್ತೀನಿ. ಹಳೇ ಕಾರು ಇದ್ದ ಮನ್ಯಾಗೆಲ್ಲಾ ಕೇಳೋ ಮಾತೊಂದದ. “ಇಂಡಿಕೇಟರ್ ಕಡ್ಡಿ ನಿಲ್ಲಂಗಿಲ್ಲ, ಬೆರಳಿಲೆ ಹಿಡಕೊಂಡ್ರಾತು, ನಡೀತದ.” ಈ ಮಾತು ನನಗ ಒಪ್ಪಿಗಿ ಇಲ್ಲ. ಸೀಟು ಹರದ್ರ ನಡೀತದ. ಬಣ್ಣ ಹೋದ್ರ ನಡೀತದ. ರೇಡಿಯೋ ಕೆಟ್ರ ಇನ್ನೂ ಛಲೋ, ನಾಕು ಮಾತಾಡಕೋತ ಹೋಗಬಹುದು. ಇಂಡಿಕೇಟರ್ ಮಾತ್ರ ನಡಿಯಂಗಿಲ್ಲ.

ಯಾಕಂದ್ರ ಸೀಟು, ಬಣ್ಣ, ರೇಡಿಯೋ ಎಲ್ಲಾ ನಮ್ಮ ಸಲುವಾಗಿ. ಇಂಡಿಕೇಟರ್ ರಸ್ತೆ ಮ್ಯಾಲಿನ ಮಂದಿ ಸಲುವಾಗಿ. ‘ನಾ ಈ ಕಡೆ ಹೊಳ್ಳತೀನಿ’ ಅಂತ ಅವರಿಗೆ ಕೊಟ್ಟ ಮಾತದು. ಸವದ ಕಡ್ಡಿ ಒಂದೋ ಮಾತ ಆಡಂಗಿಲ್ಲ, ಇಲ್ಲಾ ಸುಳ್ಳು ಆಡ್ತದ. ಸುಳ್ಳು ಆಡೋದು ಭಾಳ ಕೆಟ್ಟದ್ದು. ದೀಪ ಹತ್ತಲಿಲ್ಲಂದ್ರ ಹಿಂದಿನವರು ಹುಷಾರ ಆಗಿರ್ತಾರ. ತಪ್ಪು ದೀಪ ಹತ್ತಿದ್ರ ನಂಬತಾರ.

ಹುಬ್ಬಳ್ಳ್ಯಾಗ ನಾನು ಸ್ಕೂಟಿ ಮ್ಯಾಲೆ ಕಾಯಿಪಲ್ಯೆಕ್ಕ ಹೊಂಟಾಗ ಕಣ್ಣಾರೆ ಕಂಡದ್ದು ಇದು. ನನ್ನ ಮುಂದ ಒಬ್ಬಾಕಿ, ಹಿಂದ ಮಗಳನ್ನ ಕೂಡಿಸ್ಕೊಂಡು ಹೊಂಟಿದ್ಲು. ಅಕಿ ಮುಂದಿನ ಕಾರಿಂದು ಎಡಗಡೆ ದೀಪ ಮಿಣಕ್ ಮಿಣಕ್ ಅಂತಿತ್ತು. ಕಾರು ಎಡಕ್ಕ ಹೋಗ್ತದಂತ ಅಕಿ ಬಲಗಡೆಯಿಂದ ಮುಂದ ಹೊಂಟ್ಲು. ಕಾರು ಬಲಕ್ಕ ಹೊಳ್ಳಿತು. ಬ್ರೇಕ್ ಹಿಡದ್ಲು, ಸ್ಕೂಟಿ ವಾಲಿತು, ಕಾಲು ಊರಿ ಹೆಂಗೋ ಉಳಕೊಂಡ್ಲು. ಕಾರಿನಾಂವ ಇಳದು, “ಹಳೇ ಗಾಡಿರೀ, ಇಂಡಿಕೇಟರ್ ತಾನ ವಾಪಸ್ ಬರಂಗಿಲ್ಲ” ಅಂದ. ತಪ್ಪೆಲ್ಲಾ ಗಾಡಿದು ಅನ್ನೋಹಂಗ!

ಆ ಕಡ್ಡಿ ಬುಡದಾಗ ಏನದ ಅಂತ ತಿಳಕೊಂಡ್ರ ಅಂಜಿಕಿ ಇರಂಗಿಲ್ಲ. ಒಂದು ಸಣ್ಣ ಸ್ಪ್ರಿಂಗು, ಅದರ ತುದಿಗೆ ಒಂದು ಗುಂಡು. ನಡು, ಎಡ, ಬಲ ಅಂತ ಇರೋ ತಗ್ಗಿನ್ಯಾಗ ಅದು ಕೂಡ್ತದ. ವರ್ಷಾನಗಟ್ಟಲೆ ಸರದಾಡಿ ಒಳಕಲ್ಲು ಸವದಂಗ ತಗ್ಗಿನ ಅಂಚು ಸವೀತದ. ಆಮ್ಯಾಲೆ ಗುಂಡು ಹಿಡಿಯಂಗಿಲ್ಲ, ಕಡ್ಡಿ ಜಾರಿ ನಡುವಿಗೆ ಬರ್ತದ. ಇನ್ನ ಸ್ಟೇರಿಂಗ್ ಜೋಡಿ ತಿರಗೋ ಒಂದು ಉಬ್ಬು ಇರ್ತದ. ಸ್ಟೇರಿಂಗ್ ಸೀದಾ ಆಗೂಮುಂದ ಅದು ಒಂದು ಪ್ಲಾಸ್ಟಿಕ್ ನಾಲಿಗಿಗೆ ಬಡದು ಕಡ್ಡಿನ್ನ ನಡುವಿಗೆ ತರ್ತದ. ಆ ನಾಲಿಗಿ ಮುರದ್ರ ಹೊಳ್ಳಿದ ಮ್ಯಾಲೂ ದೀಪ ಮಿಣಕತನ ಇರ್ತದ.

ಗ್ಯಾರೇಜಿಗೆ ಹೋಗೂಕಿಂತ ಮೊದಲ ಮನ್ಯಾಗ ಎರಡು ಪರೀಕ್ಷೆ ಮಾಡ್ರಿ. ನಾಕೂ ದೀಪ ಕೂಡೇ ಮಿಣಕಸೋ ಹಜಾರ್ಡ್ ಬಟನ್ ಒತ್ರಿ. ನಾಕೂ ಛಲೋ ಮಿಣಕಿದ್ರ ಬಲ್ಬು ಛಲೋ ಅವ, ಸಂಶಯ ಕಡ್ಡಿ ಮ್ಯಾಲೆ. ಎರಡನೇದ್ದು, ಟಿಕ್ ಟಿಕ್ ಎಣಸ್ರಿ. ನಿಮಿಷಕ್ಕ 60 ರಿಂದ 120 ಸಲ ಮಿಣಕಬೇಕು. ಒಂದ ಕಡೆಗೆ ಮಾತ್ರ ಗಡಿಬಿಡಿಲೇ ಟಿಕ್‌ಟಿಕ್ ಅಂದ್ರ ಹೆಚ್ಚಾಗಿ ಆ ಕಡೆ ಬಲ್ಬು ಹೋಗಿರ್ತದ. ಬಲ್ಬಿನ ಸಲುವಾಗಿ ಕಡ್ಡಿ ಬದಲಿ ಮಾಡಿಸಿ ರೊಕ್ಕ ಕಳಕೋಬ್ಯಾಡ್ರಿ.

ಒಳಗ ಧೂಳ ಕೂತು ಕರೆಂಟು ಸರೀ ಹಾಯದಿದ್ರ, ಮೆಕ್ಯಾನಿಕ್ ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹೊಡದು ಸ್ವಚ್ಛ ಮಾಡಿದ್ರ ಸಾಕು. ಬಾಗಲದ ಕೀಲಿಗೆ ಬಿಟ್ಟಂಗ ಕೊಬ್ರಿ ಎಣ್ಣಿ ಬಿಡಬ್ಯಾಡ್ರಿ, ಧೂಳ ಇನ್ನಷ್ಟು ಅಂಟತದ. ಪ್ಲಾಸ್ಟಿಕ್ಕ ಸವದಿದ್ರ, ಮುರದಿದ್ರ ಅಂಟು ಹಚ್ಚೋದೂ ಬ್ಯಾಡ. ಅಂಟು ಸಂದಿಗೆ ಇಳದು ಕಡ್ಡಿ ಹಿಡದು ನಿಲ್ತದ. ಅಂಗಡ್ಯಾಗ ‘ಕಾಂಬಿನೇಷನ್ ಸ್ವಿಚ್’ ಅಂತ ಕೇಳಿದ್ರ ಪೂರಾ ಸೆಟ್ಟ ಕೊಡ್ತಾರ. ಭಾಳಷ್ಟು ಗಾಡ್ಯಾಗ ಮುಂದಿನ ದೊಡ್ಡ ದೀಪ, ಡಿಪ್ಪರ್ ಕೂಡ ಅದರಾಗ ಇರ್ತಾವ. ಅದನ್ನ ಕೂಡಸಾಕ ಹೆಚ್ಚಾಗಿ ಸ್ಟೇರಿಂಗ್ ತಗೀಬೇಕಾಗ್ತದ, ಮೊದಲ ಬ್ಯಾಟರಿ ವೈರು ಬಿಚ್ಚಬೇಕು. ಸ್ಟೇರಿಂಗಿನಾಗ ಏರ್‌ಬ್ಯಾಗ್ ಇದ್ರ ಮನ್ಯಾಗ ಯಾರೂ ಕೈ ಹಚ್ಚಬಾರದು.

“ಹಳೇ ಗಾಡಿಗೆ ಯಾಕ ರೊಕ್ಕ, ಮಾರಿಬಿಡೋಣು” ಅನ್ನೋರೂ ಇದ್ದಾರ. ಎಂಜಿನ್ನು, ಬ್ರೇಕು ಛಲೋ ಇರೋ ಗಾಡಿನ್ನ ಒಂದು ಕಡ್ಡಿ ಸಲುವಾಗಿ ಯಾಕ ಮಾರಬೇಕು? ಮಾರುತಿ 800 ತಯಾರಿಕಿ 1983ರಾಗ ಶುರು ಆಗಿ 2014ರಾಗ ನಿಂತದ. ಅದರ ಸಾಮಾನು ಇವತ್ತೂ ಸ್ಪೇರ್ ಪಾರ್ಟ್ಸ್ ಅಂಗಡ್ಯಾಗ ಸಿಗ್ತಾವ. ಮತ್ತ, ರಿಪೇರಿ ಮಾಡಸದ ಮಾರಿದ್ರ ಆ ಸುಳ್ಳು ದೀಪ ಇನ್ನೊಬ್ಬರ ಮನಿಗೆ ದಾಟಿಸಿದಂಗ ಅಷ್ಟ.

ರಿಪೇರಿ ಆಗೂತನಕ ಕೈಸನ್ನಿ ಅದ. ಬಲಕ್ಕ ಹೊಳ್ಳೋದಿದ್ರ ಬಲಗೈ ಕಿಡಕಿ ಹೊರಗ ಸೀದಾ ಚಾಚಿ ಅಂಗೈ ಮುಂದ ಮಾಡಬೇಕು. ಎಡಕ್ಕಾದ್ರ ಅದೇ ಕೈ ಚಾಚಿ ಗಡಿಯಾರದ ಮುಳ್ಳಿನ ಉಲ್ಟಾ ತಿರಗಸಬೇಕು. ಆದ್ರ ಇದು ಗ್ಯಾರೇಜ್ ಮುಟ್ಟೂತನಕ ಇಷ್ಟ. ರಾತ್ರ್ಯಾಗ, ಮಳ್ಯಾಗ ಕೈ ಯಾರಿಗೆ ಕಾಣಸ್ತದ?

ಮನ್ಯಾಗ ಗಾಡಿ ಹೊಡೆಯೋರು ಯಾರ ಇರಲಿ, ಈ ಆಯಿತವಾರ ಗಾಡಿ ತೊಳಿಯೂಮುಂದ ಒಬ್ಬರು ಹಿಂದ ನಿಂತು ಎರಡೂ ಕಡೆ ದೀಪ ನೋಡ್ರಿ. ಆಮ್ಯಾಲೆ ಓಣ್ಯಾಗ ಒಂದು ಸುತ್ತ ಹೊಡದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊಳ್ಳಿದ ಮ್ಯಾಲೆ ಕಡ್ಡಿ ತಾನ ವಾಪಸ್ ಬರ್ತದೇನು ನೋಡ್ರಿ. ಬರಲಿಲ್ಲಂದ್ರ ಸೋಮವಾರ ಮೊದಲ ಕೆಲಸ ಅದ. ಸ್ಕೂಟಿ ಮ್ಯಾಲೆ ಹಿಂದ ಬರೋರಾಗ ನಾನೂ ಇರ್ತೀನಿ, ನಿಮ್ಮ ಮಕ್ಕಳೂ ಇರ್ತಾರ.